ಕಮಾನು ಮೊದಲು, ಬೆರಳು ಆಮೇಲೆ

ಅಮೆರಿಕದ ಅಪಲೇಚಿಯ ಬೆಟ್ಟಗಳ ಹಳೇ ಪಿಟೀಲು ಶೈಲಿ, ಅಂದರೆ ಓಲ್ಡ್ ಟೈಮ್, ಕರ್ನಾಟಕ ಸಂಗೀತ ಕಲಿತ ಕೈಗೆ ಒಗ್ಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಒಗ್ಗುತ್ತದೆ. ಹೋದ ಬೇಸಿಗೆ ನಾರ್ತ್ ಕೆರೊಲೈನಾದ ಮೌಂಟ್ ಏರಿಯ ಪಿಟೀಲುಗಾರರ ಮೇಳ, ಅಂದರೆ ಫಿಡ್ಲರ್ಸ್ ಕನ್ವೆನ್ಷನ್‌ನಲ್ಲಿ ಟೆಂಟುಗಳ ನಡುವೆ ಕೂತು ನುಡಿಸುತ್ತಿದ್ದೆ. ಆ ಊರಿರುವ ಸರ್ರಿ ಕೌಂಟಿಯಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ಬ್ಯಾಂಜೊ ತಂದು ಪಕ್ಕದಲ್ಲಿ ಕೂತರು. ಅರ್ಧ ಗಂಟೆಯಾದರೂ ಎದ್ದು ಹೋಗಲಿಲ್ಲ. ಆ ಊರಿನಲ್ಲಿ ಅದೇ ಸರ್ಟಿಫಿಕೇಟ್. ಹೇಗೆ ಕಲಿತೆ ಎಂದು ಆಮೇಲೆ ನಾಲ್ಕಾರು ಜನ ಕೇಳಿದರು. ಅವರಿಗಾಗಿ ಇದು.

ನಿಮಗೆ ಪಿಟೀಲು ಹಿಡಿಯಲು, ಶ್ರುತಿ ಸೇರಿಸಲು, ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ತುಂಡು ಮಾಡಲು ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಓಲ್ಡ್ ಟೈಮ್ ಬೇರೆ, ಬ್ಲೂಗ್ರಾಸ್ ಬೇರೆ ಅಂತಲೂ ಗೊತ್ತಿರುತ್ತೆ. ಓಲ್ಡ್ ಟೈಮ್ ಜ್ಯಾಮಿನಲ್ಲಿ, ಅಂದರೆ ಸುಮ್ಮನೆ ಸೇರಿ ನುಡಿಸುವ ಕೂಟದಲ್ಲಿ, ಬ್ಲೂಗ್ರಾಸಿನ ಹಾಗೆ ಒಬ್ಬೊಬ್ಬರ ಸರದಿ ಇಲ್ಲ. ಎಲ್ಲರೂ ಒಟ್ಟಿಗೆ, ಅದೇ ಟ್ಯೂನ್ ಮತ್ತೆ ಮತ್ತೆ. ಶುರು ಮಾಡಿದವರು ಒಂದು ಕಾಲು ಎತ್ತಿದರೆ ಅದೇ ಕೊನೇ ಸುತ್ತು.

ಮೊದಲ ವರ್ಷ ದುಡ್ಡು ಸುರಿದದ್ದು ನೊಟೇಶನ್ ಪಾಠಕ್ಕೆ. ಗಂಟೆಗೆ ನಲವತ್ತು ಡಾಲರ್. ಟೀಚರ್ ಒಳ್ಳೆಯವರೇ, ಹಾಳೆಯಲ್ಲಿದ್ದ ಸ್ವರಗಳೂ ಸರಿಯೇ. ನಾನು ನುಡಿಸಿದರೆ ಮಾತ್ರ ಸ್ಕೂಲಿನ ವಾರ್ಷಿಕೋತ್ಸವದ ಹಾಗೆ ಕೇಳುತ್ತಿತ್ತು. ಡರಮ್‌ನ ಜ್ಯಾಮಿನಲ್ಲಿ ಒಬ್ಬರು ಮುಖಕ್ಕೇ ಹೇಳಿದರು: "ಸ್ವರ ಎಲ್ಲಾ ಇದೆ, ಕುಣಿಯೋಕೆ ಮಾತ್ರ ಆಗಲ್ಲ." ಸಾವಿರ ಡಾಲರಿನ ಹತ್ತಿರ ಹೋದ ಮೇಲೆ ಪಾಠ ಬಿಟ್ಟೆ. ಮೈಸೂರಿನ ನಮ್ಮ ಮೇಷ್ಟ್ರಿಗೆ ಫೋನ್ ಮಾಡಿದರೆ ಅವರದು ಇನ್ನೊಂದು ಚಿಂತೆ: "ಏನಪ್ಪಾ, ಇಷ್ಟು ವರ್ಷ ಕಲಿತ ಗಮಕ ಎಲ್ಲಾ ಹಾಳು ಮಾಡ್ಕೋತೀಯಾ?"

ದಾರಿ ಕಂಡದ್ದು ಶ್ರುತಿಯಿಂದ. ಪಾಶ್ಚಾತ್ಯ ಪಿಟೀಲಿನ ತಂತಿಗಳು ಜಿ-ಡಿ-ಎ-ಇ. ಅಪಲೇಚಿಯದವರು ಎ ಶ್ರುತಿಯ ಎಷ್ಟೋ ಟ್ಯೂನ್‌ಗಳಿಗೆ ಕೆಳಗಿನ ಎರಡು ತಂತಿ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಇದಕ್ಕೆ ಕ್ರಾಸ್ ಟ್ಯೂನಿಂಗ್ ಎಂದು ಹೆಸರು. ಇಲ್ಲಿನ ಹೊಸಬರು ಇದೇನೋ ಗುಟ್ಟಿನ ವಿದ್ಯೆ ಎಂಬಂತೆ ಪಿಸುಗುಡುತ್ತಾರೆ. ಸರಿಯಾಗಿ ನೋಡಿ: ಸ-ಪ-ಸ-ಪ! ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ನಾನು ನುಡಿಸಿದ್ದು ಇದನ್ನೇ. ಜ್ಯಾಮಿನಲ್ಲಿ ಬೇರೆಯವರು ಬೆರಳು ಎಲ್ಲಿಡಬೇಕು ಎಂದು ತಡಕಾಡುವಾಗ ನನಗೆ ಮನೆಗೆ ಬಂದ ಹಾಗಾಯಿತು. ಹಾಗಾದರೆ ಎಡಗೈಯ ತೊಂದರೆ ಅರ್ಧ ತೀರಿದೆ, ಕಲಿಯಬೇಕಾದ್ದು ಬಲಗೈ ಎಂದು ತೀರ್ಮಾನ ಮಾಡಿದೆ.

ಒಬ್ಬರನ್ನೇ ಹಿಡಿದೆ: ಟಾಮಿ ಜ್ಯಾರೆಲ್. ಮೌಂಟ್ ಏರಿಯ ಪಕ್ಕದ ಟೋಸ್ಟ್ ಎಂಬ ಊರಿನವರು, 1901ರಲ್ಲಿ ಹುಟ್ಟಿ 1985ರಲ್ಲಿ ತೀರಿಕೊಂಡರು. ದುಡಿದದ್ದೆಲ್ಲ ರಸ್ತೆ ಇಲಾಖೆಯಲ್ಲಿ ಮೋಟಾರ್ ಗ್ರೇಡರ್ ಓಡಿಸಿ. ನಿವೃತ್ತರಾದ ಮೇಲೆ ದೇಶದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಅವರ ಮನೆಗೆ ಬಂದು ಕೂತು ಕಲಿತರು. ಆ ಸೀಮೆಯ ರೌಂಡ್ ಪೀಕ್ ಶೈಲಿ ಇವತ್ತು ಎಲ್ಲಾ ಕಡೆ ಕೇಳಿಸುತ್ತಿದ್ದರೆ ಅದು ಆ ಮನೆಯಿಂದ ಹೊರಟದ್ದು. 1982ರಲ್ಲಿ ಜಾನಪದ ಕಲಾವಿದರಿಗೆ ಅಮೆರಿಕ ಸರ್ಕಾರ ಕೊಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಶುರುವಾದಾಗ ಮೊದಲ ತಂಡದಲ್ಲೇ ಅವರಿದ್ದರು.

"ಸತ್ತವರ ರೆಕಾರ್ಡಿನಿಂದ ಕಲಿಯಬೇಡ, ಬದುಕಿರುವವರ ಪಕ್ಕ ಕೂತು ಕಲಿ" ಎಂದರು ಜ್ಯಾಮಿನವರು. ಮಾತು ಚೆನ್ನಾಗಿದೆ. ಆದರೆ ಜ್ಯಾಮಿನಲ್ಲಿ ಐದಾರು ಪಿಟೀಲು ಒಟ್ಟಿಗೆ ನುಡಿಯುವಾಗ ಒಂದು ಕಮಾನು ಯಾವಾಗ ತಿರುಗಿತು ಎಂದು ಯಾರಿಗೆ ಕೇಳಿಸುತ್ತದೆ ಹೇಳಿ.

ನಾನು ಮಾಡಿದ್ದು ಹೀಗೆ. ಆಡಾಸಿಟಿ ಎಂಬ ರೆಕಾರ್ಡಿಂಗ್ ಪ್ರೋಗ್ರಾಮಿನಲ್ಲಿ ಟೆಂಪೊ ಮಾತ್ರ ಕಡಿಮೆ ಮಾಡಿದರೆ ಶಬ್ದ ಕದಡುತ್ತದೆ. ಕಮಾನು ತಿರುಗುವ ಜಾಗದ ಆ "ಕರ್" ಎನ್ನುವ ಸದ್ದು ಅಳಿಸಿಹೋಗುತ್ತದೆ, ನಮಗೆ ಬೇಕಾದ್ದೇ ಅದು. ಅದಕ್ಕೆ ಸ್ಪೀಡನ್ನೇ ಅರ್ಧ ಮಾಡಿ. ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಷಡ್ಜ ಷಡ್ಜವೇ ಆಗಿರುತ್ತದೆ, ನಿಮ್ಮ ಪಿಟೀಲಿನ ಶ್ರುತಿ ಬದಲಿಸಬೇಕಿಲ್ಲ. ಐವತ್ತು ಅರವತ್ತು ವರ್ಷದ ಹಿಂದೆ ಕಲಿತವರು ಎಲ್‌ಪಿಯನ್ನು 33ರ ಬದಲು 16ರ ವೇಗದಲ್ಲಿ ಹಾಕಿ ಇದನ್ನೇ ಮಾಡುತ್ತಿದ್ದರು. ಇನ್ನು ಎಡಗೈಗೆ ರಜೆ. ಒಂದು ಬೆರಳೂ ಇಡಬೇಡಿ. ಖಾಲಿ ತಂತಿ ಎರಡರ ಮೇಲೆ ಕಮಾನು ಮಾತ್ರ, ರೆಕಾರ್ಡಿನ ಜೊತೆ. ಎಲ್ಲಿ ತಿರುಗಿದರು, ಎಲ್ಲಿ ಎರಡು ಮೂರು ಸ್ವರ ಒಂದೇ ಎಳೆತದಲ್ಲಿ ಸೇರಿಸಿದರು, ಅಷ್ಟೇ.

ಮೂರು ನಾಲ್ಕು ತಿಂಗಳು ಒಂದೇ ಟ್ಯೂನ್, "ಬ್ರೇಕಿಂಗ್ ಅಪ್ ಕ್ರಿಸ್ಮಸ್." ಕ್ರಿಸ್ಮಸ್ಸಿನಿಂದ ಹಳೇ ಕ್ರಿಸ್ಮಸ್ಸಿನವರೆಗೆ, ಅಂದರೆ ಜನವರಿ ಆರರವರೆಗೆ, ರೌಂಡ್ ಪೀಕಿನವರು ದಿನಾ ಒಂದೊಂದು ಮನೆಯಲ್ಲಿ ಸೇರಿ ಕುಣಿಯುತ್ತಿದ್ದ ಕಾಲದ್ದು. ಮನೆಯಲ್ಲಿ ನಾನು ನುಡಿಸುತ್ತಿದ್ದುದು ಬರೀ ಸ-ಪ, ಸ-ಪ, ಸ-ಪ. ಹೆಂಡತಿ ಹೇಳಿದಳು: "ತಂಬೂರಿ ಆ್ಯಪ್ ಇದೆಯಲ್ಲ, ಅದು ಇದಕ್ಕಿಂತ ವಾಸಿ."

ಕೇಳಿದರೆ ಕಮಾನು ತಿರುಗಿದ್ದು ತಿಳಿಯುತ್ತದೆ, ಯಾವ ಕಡೆಗೆ ಎಂದು ತಿಳಿಯುವುದಿಲ್ಲ. ಅದಕ್ಕೆ ಕಣ್ಣು ಬೇಕು. ಲೆಸ್ ಬ್ಲಾಂಕ್ 1983ರಲ್ಲಿ ಜ್ಯಾರೆಲ್ ಬಗ್ಗೆ ತೆಗೆದ ಡಾಕ್ಯುಮೆಂಟರಿ ಇದೆ. ಸದ್ದು ತೆಗೆದು ಬಲಗೈ ಮಣಿಕಟ್ಟನ್ನೇ ನೋಡಿ. ತಾಳ ಹಾಕಿ ಬೆಳೆದ ನಮಗೆ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಸರಿಯಾಗಿ ಕಮಾನು ಕೆಳಗೆಳೆಯುವ ಚಟ. ಇಲ್ಲಿ ಒತ್ತು ಬೀಳುವುದು ಎರಡು ಏಟುಗಳ ನಡುವೆ, ಅದೂ ಎಷ್ಟೋ ಸಲ ಕಮಾನು ಮೇಲೆ ಹೋಗುವಾಗ. ನಾನು ಕಾಲಲ್ಲಿ ಏಟು ಹಾಕಿ, ಏಟಿನ ಮೇಲೆ ಕಮಾನನ್ನು ಹಗುರ ಬಿಟ್ಟು, ನಡುವೆ ಒತ್ತಿದೆ. ಆ ಒತ್ತು ಬೆರಳಿನಿಂದಲೋ ಮಣಿಕಟ್ಟಿನಿಂದಲೋ ಎಂದು ಕೇಳುತ್ತೀರಿ. ಎರಡೂ ಅಲ್ಲ. ಅದನ್ನು ಇಲ್ಲಿ ಬರೆಯಲ್ಲ. ಜ್ಯಾಮಿಗೆ ಬನ್ನಿ, ಎದುರು ಕೂತರೆ ನಿಮಗೇ ಕಾಣುತ್ತೆ.

ಗಮಕದ ಕಾಟ ಮಾತ್ರ ನಿಜ. ನೆಲದ ಮೇಲೆ ಕೂತು ಪಿಟೀಲಿನ ತುದಿ ಕಾಲಿಗೆ ಆನಿಸಿದರೆ ಎಡಗೈ ಪೂರ್ತಿ ಸ್ವತಂತ್ರ, ಸ್ವರ ತಾನಾಗಿ ತೂಗಾಡುತ್ತದೆ. ಬೆರಳನ್ನು ಬೈದು ಪ್ರಯೋಜನವಿಲ್ಲ. ಹಿಡಿಯುವ ರೀತಿ ಬದಲಿಸಿದೆ. ಇಲ್ಲಿನ ಹಳಬರಲ್ಲಿ ಎಷ್ಟೋ ಜನ ಗದ್ದದ ಕೆಳಗಲ್ಲ, ಎದೆಗೆ ಆನಿಸಿ ಹಿಡಿಯುತ್ತಿದ್ದರು. ಹಾಗೆ ಹಿಡಿದರೆ ಪಿಟೀಲಿನ ಭಾರ ಎಡಗೈ ಮೇಲೆ. ಕೈ ಜಾರಿಸಿದರೆ ಪಿಟೀಲೇ ಜಾರುತ್ತದೆ. ಎರಡು ವಾರದಲ್ಲಿ ಗಮಕ ತಣ್ಣಗಾಯಿತು. ವಾಪಸ್ ನೆಲದ ಮೇಲೆ ಕೂತರೆ ಮತ್ತೆ ಬರುತ್ತದೆ, ಮೇಷ್ಟ್ರಿಗೂ ನುಡಿಸಿ ತೋರಿಸಿದ್ದೇನೆ.

ಗಾಂಧಾರದ ವಿಷಯದಲ್ಲಿ ನಾವೇ ಮೇಲು, ಹೆಮ್ಮೆಯಿಂದಲೇ ಹೇಳುತ್ತೇನೆ. ಹಳೇ ಪಿಟೀಲಿನವರ ಗಾಂಧಾರ ಎಷ್ಟೋ ಟ್ಯೂನ್‌ಗಳಲ್ಲಿ ಕೆಳಗಿನ ಸಾಧಾರಣವೂ ಅಲ್ಲ, ಮೇಲಿನ ಅಂತರವೂ ಅಲ್ಲ, ನಡುವೆ ಎಲ್ಲೋ. ಪಿಯಾನೊ ಕೇಳಿ ಬೆಳೆದವರು ಅದನ್ನು ಅಪಸ್ವರ ಎಂದು ತಿದ್ದುತ್ತಾರೆ. ನನಗೆ ತಿದ್ದಬೇಕು ಅನ್ನಿಸಲೇ ಇಲ್ಲ. ಒಂದೆರಡು ಮಾತ್ರೆ ಹೆಚ್ಚು ಕಡಿಮೆ ಇರುವ ಟ್ಯೂನ್‌ಗಳನ್ನು ಇವರು ಕ್ರೂಕೆಡ್ ಎನ್ನುತ್ತಾರೆ, ಗಿಟಾರಿನವರು ಎಡವುತ್ತಾರೆ. ಏಳು ಎಣಿಕೆಯ ಮಿಶ್ರ ಛಾಪು ತಾಳ ಹಾಕಿದ ಕೈಗೆ ಅದೇನು ಲೆಕ್ಕ, ಅಲ್ವಾ? ಯಾವ ರಾಗ ಎಂದು ಮಾತ್ರ ಹುಡುಕಲು ಹೋಗಬೇಡಿ. ನಾನು ಒಂದು ನೋಟ್‌ಬುಕ್ ತುಂಬಾ ಹರಿಕಾಂಬೋಜಿ, ಖರಹರಪ್ರಿಯ ಅಂತ ಬರೆದೆ. ಸುಮ್ನೆ ಟೈಮ್‌ಪಾಸ್. ನುಡಿಸುವುದಕ್ಕೆ ಒಂದು ಚೂರೂ ಸಹಾಯವಾಗಲಿಲ್ಲ.

ದುಡ್ಡಿನ ಲೆಕ್ಕ. ಸಂತೆಯಲ್ಲಿ ಸಿಕ್ಕ ಹಳೇ ಜರ್ಮನ್ ಪಿಟೀಲು ಇನ್ನೂರೈವತ್ತು ಡಾಲರ್. ಸ್ಟೀಲ್ ತಂತಿ ಸೆಟ್ಟಿಗೆ ಇಪ್ಪತ್ತರ ಆಸುಪಾಸು, ಮೊದಲ ವರ್ಷ ಏಳೆಂಟು ಸೆಟ್ ಹೋಗಿರಬೇಕು. ಒಂದೇ ಪಿಟೀಲನ್ನು ದಿನಾ ಏರಿಸಿ ಇಳಿಸಿದರೆ ತಂತಿ ಬಿರಡೆಯ ಹತ್ತಿರ ಪಟ್ ಅನ್ನುತ್ತದೆ, ತಂತಿ ಹೊರುವ ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ. ಕ್ರಾಸ್ ಟ್ಯೂನಿಂಗಿಗೇ ಒಂದು ಪಿಟೀಲು ಬಿಟ್ಟ ಮೇಲೆ ತಂತಿ ತಿಂಗಳುಗಟ್ಟಲೆ ಬಾಳುತ್ತಿವೆ. ಎರಡು ತಂತಿ ಒಟ್ಟಿಗೆ ನುಡಿಯಲು ಬ್ರಿಡ್ಜಿನ ಮೇಲಂಚಿನ ಬಾಗು ಸ್ವಲ್ಪ ಚಪ್ಪಟೆ ಬೇಕು. ರಿಪೇರಿಯವರೊಬ್ಬರಿಗೆ ಕೊಟ್ಟೆ. ಎಪ್ಪತ್ತು ಡಾಲರ್ ತೆಗೆದುಕೊಂಡು ಎಷ್ಟು ಚಪ್ಪಟೆ ಮಾಡಿದರೆಂದರೆ ಮೂರು ತಂತಿ ಒಟ್ಟಿಗೆ ಕೂಗುತ್ತಿದ್ದವು. ಆಮೇಲೆ ಐದಾರು ಡಾಲರಿನ ಖಾಲಿ ಬ್ರಿಡ್ಜ್‌ಗಳನ್ನು ತರಿಸಿ ಮರಳು ಕಾಗದದಲ್ಲಿ ನಾನೇ ಉಜ್ಜಿದೆ. ಎರಡು ಹಾಳಾದವು, ಮೂರನೆಯದು ಈಗಲೂ ಪಿಟೀಲಿನ ಮೇಲಿದೆ. ನಡುವಿನ ಎರಡು ತಂತಿಯ ಕಡೆ ಮಾತ್ರ ಉಜ್ಜಿ, ಅಂಚು ಮುಟ್ಟಬೇಡಿ. ಕಮಾನಿಗೆ ಉಜ್ಜುವ ರೋಸಿನ್ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಅದು ನನ್ನ ಹತ್ತಿರವೇ ಇರಲಿ.

ನಡುನಡುವೆ ಹುಚ್ಚಾಟಗಳೂ ಆದವು. ಹಳಬರು ಪಿಟೀಲಿನ ಹೊಟ್ಟೆಯೊಳಗೆ ರಾಟಲ್ ಹಾವಿನ ಬಾಲದ ಗಿಲಕಿ ಹಾಕುತ್ತಿದ್ದರು, ನಾದ ಚೆನ್ನಾಗುತ್ತೆ ಎಂದು. ವರ್ಜೀನಿಯಾದ ಗೇಲಾಕ್ಸ್‌ನಲ್ಲಿ 1935ರಿಂದ ನಡೆಯುವ ಫಿಡ್ಲರ್ಸ್ ಕನ್ವೆನ್ಷನ್‌ಗೆ ಹೋದಾಗ ಒಬ್ಬರು ನನಗೂ ಒಂದು ಕೊಟ್ಟರು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಒಣಗಿದ ಉಗುರುಗಳನ್ನು ಒಂದರೊಳಗೊಂದು ಸಿಕ್ಕಿಸಿದಂತೆ. ನಾದ ಏನೂ ಬದಲಾಗಲಿಲ್ಲ, ಪಿಟೀಲು ವಾಲಿಸಿದಾಗ ಮಾತ್ರ ಗಿಲಗಿಲ. ಊರಿಂದ ಬಂದಿದ್ದ ಅಮ್ಮ ನೋಡಿ "ಹಾವಿನ ಬಾಲ ದೇವರ ಮನೆ ಪಕ್ಕ ಇಟ್ಟಿದ್ದೀಯಲ್ಲೋ" ಎಂದ ದಿನವೇ ಅದು ಗ್ಯಾರೇಜಿಗೆ ಹೋಯಿತು. ಇನ್ನೊಂದು, ನಾನು ನುಡಿಸುವಾಗ ಮಗಳು ಸ್ವೆಟರ್ ಕಡ್ಡಿಯಿಂದ ತಂತಿ ತಟ್ಟುವುದು. ಇದೂ ಹಳೇ ಪದ್ಧತಿಯೇ. ಇದು ಬೊಂಬಾಟ್ ಆಯಿತು. ಖಾಲಿ ತಂತಿಯಲ್ಲಿ ಶ್ರುತಿ ಮತ್ತು ತಾಳ ಎರಡೂ ಒಟ್ಟಿಗೆ ಬರುತ್ತವೆ, ನನ್ನ ಕಮಾನು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ.

ಜ್ಯಾರೆಲ್ ಕೈಗೆ ಬಂದ ಮೇಲೆ ಇನ್ನೊಬ್ಬ ಹಳೇ ಪಿಟೀಲುಗಾರ ಹೆನ್ರಿ ರೀಡ್ ಕಡೆ ಹೋದೆ. ಅವರು ವರ್ಜೀನಿಯಾದ ಗ್ಲೆನ್ ಲಿನ್‌ನವರು. 1966ರಲ್ಲಿ ಎಂಬತ್ತು ದಾಟಿದ್ದ ಅವರ ಮನೆಗೆ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲನ್ ಜಬೂರ್ ಟೇಪ್ ರೆಕಾರ್ಡರ್ ಹೊತ್ತು ಹೋಗಿದ್ದರು. ಜಬೂರ್ ಪಾಶ್ಚಾತ್ಯ ಶಾಸ್ತ್ರೀಯ ಪಿಟೀಲು ಕಲಿತವರು, ಅವರ ಕೈಯೂ ಇದಕ್ಕೆ ಒಗ್ಗಿತಲ್ಲ. ಆ 180ಕ್ಕೂ ಹೆಚ್ಚು ರೆಕಾರ್ಡಿಂಗ್‌ಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಾರ್ತ್ ಕೆರೊಲೈನಾದ ಮೆಬೇನ್‌ನ ಜೋ ಥಾಂಪ್ಸನ್ ಇನ್ನೂ ಕಷ್ಟ. ಕಪ್ಪು ಜನರ ಸ್ಟ್ರಿಂಗ್ ಬ್ಯಾಂಡ್ ಪರಂಪರೆಯ ಪಿಟೀಲುಗಾರ, 2012ರಲ್ಲಿ ತೀರಿಕೊಂಡರು. ಕೆರೊಲೈನಾ ಚಾಕೊಲೇಟ್ ಡ್ರಾಪ್ಸ್ ತಂಡದವರು ಕಲಿತದ್ದು ಅವರ ಮನೆಯಲ್ಲಿ. ಅವರ ಕಮಾನು ಚಿಕ್ಕ ಚಿಕ್ಕ ಎಳೆತ, ಬ್ಯಾಂಜೊ ಜೊತೆಯೇ ಓಡುತ್ತದೆ. ಜ್ಯಾರೆಲ್ ಅಭ್ಯಾಸ ಮಾಡಿದ ಕೈ ಅಲ್ಲಿ ಜಾಸ್ತಿ ಮಾತಾಡುತ್ತದೆ. ಮತ್ತೆ ಖಾಲಿ ತಂತಿಯಿಂದಲೇ ಶುರು ಮಾಡಿದೆ, ಆರು ವಾರಕ್ಕೆ ಒಂದು ಟ್ಯೂನ್ ಕೂತಿತು.

ಈಗ ಕೈ ಹಾಕಿರುವುದು ಡಿ-ಡಿ-ಎ-ಡಿ ಶ್ರುತಿಗೆ. ಕೆಂಟಕಿಯ ಬಿಲ್ ಸ್ಟೆಪ್ 1937ರಲ್ಲಿ ಜಾನಪದ ಸಂಗೀತ ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಮುಂದೆ ನುಡಿಸಿದ "ಬೊನಪಾರ್ಟ್ಸ್ ರಿಟ್ರೀಟ್" ಈ ಶ್ರುತಿಯದು. ಜಿ ತಂತಿಯನ್ನು ಕೆಳಗಿನ ಡಿಗೆ ಇಳಿಸಿದರೆ ಅದು ಜೋತು ಬಿದ್ದು ಫಿಂಗರ್‌ಬೋರ್ಡಿಗೆ ಬಡಿಯುತ್ತಿದೆ. ದಪ್ಪ ತಂತಿ ತರಿಸಿದ್ದೇನೆ, ಹದಿನೈದು ಡಾಲರ್ ಹೋಯಿತು. ಅದು ಬಿರಡೆ ಕಡೆಯ ಮೇಲಿನ ತುದಿಯ ಗೀರಿನಲ್ಲಿ ಕೂರುತ್ತಿಲ್ಲ. ಗೀರು ಅಗಲ ಮಾಡಲು ಸಣ್ಣ ಅರ ಹುಡುಕುತ್ತಿದ್ದೇನೆ. ಈ ಶ್ರುತಿಗೇ ಇನ್ನೊಂದು ಪಿಟೀಲು ತೆಗೆದುಕೊಂಡರೆ ಹೇಗೆ ಎಂದು ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.