ಬಿಚ್ಚುವುದು ಸುಲಭ, ಬಿಗಿ ಮಾಡುವುದೇ ಕೆಲಸ: ಬೈಕಿನ ಆಯಿಲ್ ಮತ್ತು ಫಿಲ್ಟರ್ ನೀವೇ ಬದಲಿಸುವ ಬಗೆ

ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ, ಕೈ ಕುದುರಿದ ಮೇಲೆ ಅರ್ಧ ಗಂಟೆ ಸಾಕು. ಬೋಲ್ಟ್ ಬಿಚ್ಚಿ ಹಳೆಯ ಆಯಿಲ್ ಇಳಿಸುವುದು ಯಾರಿಗಾದರೂ ಬರುತ್ತದೆ. ಎಂಜಿನ್‌ಗೆ ಪೆಟ್ಟು ಬೀಳುವುದು ಮರಳಿ ಜೋಡಿಸುವಾಗ. ಬೋಲ್ಟನ್ನು ಮಿತಿಮೀರಿ ತಿರುಪಿದರೆ, ಸೋರಿಕೆ ತಡೆಯುವ ಒಂದು ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಮರೆತರೆ, ಮಟ್ಟ ನೋಡದೆ ಡಬ್ಬಿ ಪೂರ್ತಿ ಸುರಿದರೆ ಕಥೆ ಮುಗಿಯಿತು. ಆದ್ದರಿಂದ ಇಲ್ಲಿ ಈ ಮೂರರ ಬಗ್ಗೆಯೇ ಮಾತು ಹೆಚ್ಚು.

ಯಾವ ಆಯಿಲ್, ಎಷ್ಟು

ಕಾರಿನಲ್ಲಿ ಎಂಜಿನ್‌ಗೊಂದು, ಗೇರ್‌ಬಾಕ್ಸ್‌ಗೊಂದು ಆಯಿಲ್ ಇರುತ್ತದೆ. ಬಹುಪಾಲು ಬೈಕುಗಳಲ್ಲಿ ಒಂದೇ ಆಯಿಲ್ ಎಂಜಿನ್, ಗೇರ್, ಕ್ಲಚ್ ಮೂರನ್ನೂ ಸಾಕಬೇಕು. ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ನೆನೆದುಕೊಂಡೇ ಕೆಲಸ ಮಾಡುತ್ತವೆ. ಪೆಟ್ರೋಲ್ ಉಳಿಸಲೆಂದು ಕಾರಿನ ಹಲವು ತೆಳು ಆಯಿಲ್‌ಗಳಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿರುತ್ತಾರೆ. ಅದೇ ಕ್ಲಚ್‌ಗೆ ಹೋದರೆ ಪ್ಲೇಟುಗಳು ಜಾರುತ್ತವೆ: ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತದೆ, ಬೈಕ್ ಮಾತ್ರ ಮುಂದೆ ಹೋಗಲು ಒಲ್ಲೆ ಎನ್ನುತ್ತದೆ. ಡಬ್ಬಿಯ ಮೇಲೆ ಜಪಾನಿನ ವಾಹನ ಮಾನದಂಡವಾದ ಜಾಸೋದ ಎಂಎ ಅಥವಾ ಎಂಎ2 ಎಂಬ ಗುರುತು ಇರಬೇಕು. ಎಂಬಿ ಎಂದಿದ್ದರೆ ಅದು ಒಣ ಕ್ಲಚ್ ಇರುವ ಗೇರ್‌ರಹಿತ ಸ್ಕೂಟರ್‌ಗಳಿಗೆ ಹೊಂದುವ ಆಯಿಲ್. ಗೇರ್ ಬೈಕಿಗೆ ಬೇಡ.

10ಡಬ್ಲ್ಯೂ-30, 20ಡಬ್ಲ್ಯೂ-50 ಎಂಬ ಅಂಕೆಗಳಲ್ಲಿ ಮೊದಲನೆಯದು ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳಿದರೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ದಪ್ಪ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಬುಡವಿಲ್ಲ. ತೆಳು ಆಯಿಲ್‌ಗೆಂದು ರೂಪಿಸಿದ ಸಣ್ಣ ಎಂಜಿನ್‌ಗೆ 20ಡಬ್ಲ್ಯೂ-50 ಸುರಿದರೆ ತಣ್ಣಗಿರುವಾಗ ತಲೆಭಾಗಕ್ಕೆ ಆಯಿಲ್ ತಡವಾಗಿ ತಲಪುತ್ತದೆ. ಕೈಪಿಡಿ ಹೇಳಿದ ಗ್ರೇಡನ್ನೇ ಹಾಕಿ. ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು ಎಂಬುದಕ್ಕೂ ಕೈಪಿಡಿಯೇ ಆಧಾರ. ಗೇರ್ ಹಲ್ಲುಗಳು ಆಯಿಲ್‌ನಲ್ಲಿರುವ ಉದ್ದನೆಯ ಪಾಲಿಮರ್ ಎಳೆಗಳನ್ನು ಕತ್ತರಿಸಿ ಅದನ್ನು ತೆಳುವಾಗಿಸುತ್ತವೆ. ಹಾಗಾಗಿ ಕಾರಿನ ಲೆಕ್ಕವನ್ನು ಬೈಕಿಗೆ ಹಚ್ಚಬೇಡಿ. ಕಡಿಮೆ ಓಡಿಸುವವರು ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಲಿ.

ಪ್ರಮಾಣದ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಕೈಪಿಡಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆ ಇರುತ್ತವೆ: ಆಯಿಲ್ ಮಾತ್ರ ಬದಲಿಸಿದಾಗ, ಫಿಲ್ಟರ್ ಸಹಿತ ಬದಲಿಸಿದಾಗ, ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ. ನಿಮಗೆ ಬೇಕಾದದ್ದು ಎರಡನೆಯದು. 100ರಿಂದ 150 ಸಿಸಿ ಎಂಜಿನ್‌ಗಳಿಗೆ ಸುಮಾರು ಒಂದು ಲೀಟರ್, ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್‌ಗಳಿಗೆ ಮೂರು ಲೀಟರಿಗೂ ಮೀರಿ ಬೇಕಾಗುತ್ತದೆ. ಎಷ್ಟೋ ಎಂಜಿನ್‌ಗಳ ಹೊರಕವಚದ ಮೇಲೇ ಪ್ರಮಾಣವನ್ನು ಅಚ್ಚೊತ್ತಿರುತ್ತಾರೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಡ್ರೇನ್ ಬೋಲ್ಟಿಗೆ (ಆಯಿಲ್ ಇಳಿಸಲು ಎಂಜಿನ್ ತಳದಲ್ಲಿರುವ ಬೋಲ್ಟ್) ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಫಿಲ್ಟರ್ ಮುಚ್ಚಳಕ್ಕೆ 8 ಅಥವಾ 10 ಮಿ.ಮೀ. ಸಾಕೆಟ್, ಅಗಲ ಬಾಯಿಯ ಟ್ರೇ, ಆಲಿಕೆ, ಅಳತೆ ಗೆರೆಗಳಿರುವ ಜಗ್, ಹೊಸ ಫಿಲ್ಟರ್, ಅದರ ಓ-ರಿಂಗ್‌ಗಳು, ಡ್ರೇನ್ ಬೋಲ್ಟಿನ ಹೊಸ ವಾಷರ್, ನೂಲು ಬಿಡದ ಬಟ್ಟೆ, ನೈಟ್ರೈಲ್ ಕೈಗವಸು. ಕೈಗವಸು ಶೋಕಿಗಲ್ಲ, ಬಳಸಿದ ಆಯಿಲ್ ಮತ್ತೆ ಮತ್ತೆ ಚರ್ಮಕ್ಕೆ ತಾಕುವುದು ಕ್ಯಾನ್ಸರಿಗೆ ದಾರಿಯಾಗಬಹುದು. ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೀರಿ ಎಂದು ತಿಳಿಸುವ ಟಾರ್ಕ್ ರೆಂಚ್ ಇದ್ದರಂತೂ ಅರ್ಧ ಚಿಂತೆ ಕಳೆದಂತೆ. ಹಲ್ಲು ಸವೆದ ಹೊಂದಾಣಿಕೆ ಸ್ಪ್ಯಾನರ್ ಮಾತ್ರ ಹತ್ತಿರವೂ ತರಬೇಡಿ, ಅದು ಬೋಲ್ಟಿನ ಮೂಲೆಗಳನ್ನು ತಿಂದು ಗುಂಡಗೆ ಮಾಡುತ್ತದೆ.

ಇಳಿಸುವುದು

ಎಂಜಿನ್ ಮೂರರಿಂದ ಐದು ನಿಮಿಷ ಓಡಲಿ. ಬೆಚ್ಚಗಾದ ಆಯಿಲ್ ಬೇಗ ಹರಿಯುತ್ತದೆ, ತಳದಲ್ಲಿ ಕೂತ ಕಿಟ್ಟವೂ ಅದರೊಂದಿಗೆ ಹೊರಬರುತ್ತದೆ. ದೂರ ಓಡಿಸಿ ಬಂದ ತಕ್ಷಣ ಕೈ ಹಾಕಬೇಡಿ. ಆಗ ಆಯಿಲ್ ಬೊಬ್ಬೆ ಏಳಿಸುವಷ್ಟು ಬಿಸಿ ಇರುತ್ತದೆ, ಸೈಲೆನ್ಸರ್ ಪೈಪಂತೂ ಪಕ್ಕದಲ್ಲೇ ಕಾದು ಕೂತಿರುತ್ತದೆ.

ಸಮತಟ್ಟಾದ ನೆಲದ ಮೇಲೆ ಬೈಕನ್ನು ನೆಟ್ಟಗೆ ನಿಲ್ಲಿಸಿ. ಡ್ರೇನ್ ಬೋಲ್ಟ್ ಮುಟ್ಟುವ ಮೊದಲು ಮೇಲಿನ ಆಯಿಲ್ ಮುಚ್ಚಳ ತೆರೆಯುತ್ತದೆಯೇ ನೋಡಿ. ಆಯಿಲ್ ಪೂರ್ತಿ ಇಳಿದ ಮೇಲೆ ಮುಚ್ಚಳ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಬೈಕ್ ನಿಂತಲ್ಲೇ ನಿಂತಿತು. ಮುಚ್ಚಳ ತೆಗೆದಿಟ್ಟರೆ ಗಾಳಿ ಒಳಹೋಗಿ ಆಯಿಲ್ ಸಲೀಸಾಗಿ ಇಳಿಯುತ್ತದೆ.

ಎಂಜಿನ್ ಕೆಳಗೆ ಒಂದಕ್ಕಿಂತ ಹೆಚ್ಚು ಬೋಲ್ಟ್ ಕಾಣಬಹುದು. ಕೆಲವದರ ಹಿಂದೆ ಗೇರ್ ನಿಲ್ಲಿಸುವ ಸ್ಪ್ರಿಂಗ್ ಮತ್ತು ಗುಂಡು ಇರುತ್ತವೆ, ಕೆಲವದರ ಹಿಂದೆ ಜಾಲರಿ. ಕೈಪಿಡಿಯ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳದೆ ಯಾವುದಕ್ಕೂ ಸ್ಪ್ಯಾನರ್ ಹಾಕಬೇಡಿ. ನೆಲಕ್ಕೆ ಬಾಗಿ ನೋಡುವಾಗ ಎಡ-ಬಲ ಅದಲುಬದಲಾಗಿ, ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುವವರು ಬಹಳ. ಬೋಲ್ಟಿನ ತಲೆಗೆ ಎದುರಾಗಿ ನಿಂತಂತೆ ಊಹಿಸಿ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಸಡಿಲವಾದ ಮೇಲೆ ಬೆರಳಿನಿಂದ ಬಿಚ್ಚುತ್ತ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದುಕೊಳ್ಳಿ, ಕೊನೆಯ ಸುತ್ತಾದ ಕೂಡಲೇ ಪಟ್ಟನೆ ಪಕ್ಕಕ್ಕೆ ಎಳೆಯಿರಿ. ಮೊದಲ ಧಾರೆ ಅಡ್ಡಕ್ಕೆ ಚಿಮ್ಮುತ್ತದೆ, ಟ್ರೇಯನ್ನು ಅದಕ್ಕೆ ತಕ್ಕಂತೆ ಮುಂದಕ್ಕೆ ಸರಿಸಿಡಿ. ಧಾರೆ ಹನಿಗೆ ಇಳಿಯಲು ಹತ್ತು ನಿಮಿಷ ಕೊಡಿ.

ಈ ಹತ್ತು ನಿಮಿಷದಲ್ಲಿ ಹಳೆಯ ಆಯಿಲ್ ಓದಿ. ಕಪ್ಪಾಗಿರುವುದು ದೋಷವಲ್ಲ, ಕಸವನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸವೇ. ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿದ್ದರೂ ಗಾಬರಿ ಬೇಡ, ಅದು ಸಹಜ ಸವೆತ. ಉಗುರಿಗೆ ಸಿಗುವಂಥ ಲೋಹದ ಚೂರುಗಳು ಬಂದರೆ ಮಾತ್ರ ಒಳಗೆ ಏನೋ ಮುರಿಯುತ್ತಿದೆ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ: ತೀರಾ ಸಣ್ಣ ಓಡಾಟದಿಂದ ಒಳಗೇ ಹನಿಗಟ್ಟಿದ ತೇವ ಇರಬಹುದು, ಕೂಲೆಂಟ್ ಇರುವ ಎಂಜಿನ್ ಆದರೆ ಸೀಲ್ ಹೋಗಿರಬಹುದು. ಪೆಟ್ರೋಲ್ ವಾಸನೆ ಗಾಢವಾಗಿದ್ದು, ಬದಲಿಸುವ ಮೊದಲೇ ಮಟ್ಟ ಏರಿದ್ದರೆ, ಕಾರ್ಬ್ಯುರೇಟರ್ ಬೈಕಿನಲ್ಲಿ ಮೊದಲ ಅನುಮಾನ ಪೆಟ್ರೋಲ್ ಒಳಹರಿವನ್ನು ತಡೆಯುವ ಫ್ಲೋಟ್ ಸೂಜಿಯ ಮೇಲೆ.

ಫಿಲ್ಟರ್

ಫಿಲ್ಟರ್ ಎಲ್ಲ ಬೈಕುಗಳಲ್ಲೂ ಒಂದೇ ಥರ ಇರುವುದಿಲ್ಲ. ಎಷ್ಟೋ 100-125 ಸಿಸಿ ಬೈಕುಗಳಲ್ಲಿ ಕಾಗದದ ಫಿಲ್ಟರೇ ಇಲ್ಲ. ತಳದಲ್ಲಿ ಒಂದು ಲೋಹದ ಜಾಲರಿ, ಬಲಗಡೆಯ ಕವಚದೊಳಗೆ ತಿರುಗುತ್ತ ಕಸವನ್ನು ಅಂಚಿಗೆ ತಳ್ಳುವ ಬಟ್ಟಲು. ಜಾಲರಿಯನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಹಾಕಿದರಾಯಿತು. ಬಟ್ಟಲಿಗೆ ಕವಚ ಬಿಚ್ಚಿ ಗ್ಯಾಸ್ಕೆಟ್ ಬದಲಿಸಬೇಕು. ಅದನ್ನು ಮೊದಲ ಸಲವೇ ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ.

ಕಾಗದದ ಫಿಲ್ಟರ್ ಒಂದು ಸಣ್ಣ ಮುಚ್ಚಳದ ಹಿಂದೆ ಕೂತಿರುತ್ತದೆ. ತೆಗೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ: ಯಾವ ಮುಖ ಹೊರಗಿತ್ತು, ಸ್ಪ್ರಿಂಗ್ ಯಾವ ಕಡೆ ಇತ್ತು, ಓ-ರಿಂಗ್ ಎಷ್ಟು. ಫಿಲ್ಟರ್ ತಿರುಗುಮುರುಗಾಗಿ ಕೂತರೆ ಆಯಿಲ್ ಸೋಸದೆಯೇ ಹೋಗಬಹುದು, ಇಲ್ಲವೇ ಹೋಗದೆಯೇ ಇರಬಹುದು. ಎರಡನೆಯದು ಎಂಜಿನನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಮುಚ್ಚಳದ ದೊಡ್ಡ ಓ-ರಿಂಗ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ರಂಧ್ರವೊಂದರ ಸುತ್ತ ಉಂಗುರದಷ್ಟು ಪುಟ್ಟದೊಂದು ಇರುತ್ತದೆ. ಅದು ಹಳೆಯ ಫಿಲ್ಟರಿಗೆ ಅಂಟಿಕೊಂಡು ಕಸದ ಬುಟ್ಟಿ ಸೇರುವುದೇ ಹೆಚ್ಚು. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಆದರೆ ಒಳಗೆ ಒತ್ತಡ ಬಿದ್ದುಹೋಗಿರುತ್ತದೆ. ಹೊಸ ಓ-ರಿಂಗಿಗೆ ಹೊಸ ಆಯಿಲ್ ಸವರಿ, ತಿರುಚದೆ ಅದರ ತೋಡಿನಲ್ಲಿ ಕೂರಿಸಿ. ಮುಚ್ಚಳದ 6 ಮಿ.ಮೀ. ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಸಾಕು. ಅದು ಮಣಿಕಟ್ಟಿನ ಬಲ, ತೋಳಿನದಲ್ಲ. ಒಂದನ್ನೇ ಪೂರ್ತಿ ಬಿಗಿಯದೆ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ.

ಡಬ್ಬಿಯಂತಹ, ತಿರುಪಿ ಕೂರಿಸುವ ಫಿಲ್ಟರ್ ಆದರೆ ಹಳೆಯದನ್ನು ತೆಗೆದ ಕೂಡಲೇ ಅದರ ರಬ್ಬರ್ ಬಳೆ ಜೊತೆಗೇ ಬಂದಿದೆಯೇ ನೋಡಿ. ಹಳೆಯ ಬಳೆ ಎಂಜಿನ್‌ಗೆ ಅಂಟಿಕೊಂಡೇ ಉಳಿದು ಅದರ ಮೇಲೆ ಹೊಸದು ಕೂತರೆ, ಸ್ಟಾರ್ಟ್ ಮಾಡಿದ ಮೇಲೆ ಒತ್ತಡಕ್ಕೆ ಅದು ಜಾರಿ ಆಯಿಲೆಲ್ಲ ಹೊರಬರುತ್ತದೆ, ಅದೂ ಹಿಂದಿನ ಟೈರಿನ ಮುಂದೆ. ಹೊಸ ಬಳೆಗೆ ಆಯಿಲ್ ಸವರಿ, ಎಂಜಿನ್‌ಗೆ ತಾಕುವವರೆಗೆ ಕೈಯಲ್ಲೇ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು. ರೆಂಚ್ ಬೇಕಿರುವುದು ಬಿಚ್ಚಲು ಮಾತ್ರ.

ಡ್ರೇನ್ ಬೋಲ್ಟ್

ಹೆಚ್ಚು ಎಂಜಿನ್‌ಗಳು ಹಾಳಾಗುವ ಜಾಗ ಇದೇ. ಬೋಲ್ಟ್ ಉಕ್ಕಿನದು, ಅದು ಕೂರುವ ತಳ ಮೆತ್ತನೆಯ ಅಲ್ಯೂಮಿನಿಯಂ. ಹಟಕ್ಕೆ ಬಿದ್ದರೆ ಸೋಲುವುದು ತಳದ ಥ್ರೆಡ್ಡೇ. ಸೋರಿಕೆ ತಡೆಯುವುದು ಬಲವಲ್ಲ, ವಾಷರ್. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಒತ್ತಿಕೊಂಡರೆ ಆ ಆಕಾರಕ್ಕೇ ಗಟ್ಟಿಯಾಗುತ್ತದೆ. ಹಳೆಯದನ್ನೇ ಹಾಕಿದರೆ ಹನಿ ಜಿನುಗುತ್ತದೆ, ಹನಿ ನಿಲ್ಲಿಸಲು ಇನ್ನಷ್ಟು ತಿರುಪುತ್ತೀರಿ, ಥ್ರೆಡ್ ಕಿತ್ತು ಬರುತ್ತದೆ. ಪುಡಿಗಾಸಿನ ವಾಷರ್ ಉಳಿಸಿದ್ದಕ್ಕೆ ಸಿಗುವ ಫಲ.

ರಂಧ್ರದ ಸುತ್ತ ಒರೆಸಿ, ಬೋಲ್ಟನ್ನು ಮೊದಲ ಮೂರು-ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಅಡ್ಡ ಕೂತಿದೆ ಎಂದರ್ಥ. ತೆಗೆದು ಮತ್ತೆ ಹಚ್ಚಿ. 12 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್ ಹೇಳಿರುತ್ತಾರೆ, ನಿಮ್ಮದಕ್ಕೆ ಕೈಪಿಡಿಯ ಅಂಕಿಯೇ ಅಂತಿಮ. ಅಂದಾಜಿಗೆ ಹೇಳುವುದಾದರೆ 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 10 ಕಿಲೋ ತೂಗುಬಿಟ್ಟಷ್ಟು. ಟಾರ್ಕ್ ರೆಂಚ್ ಇಲ್ಲದಿದ್ದರೆ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ನಡುವೆ ಹಿಡಿಯಿರಿ. ವಾಷರ್ ಮೆತ್ತಗೆ ಕುಸಿದು ಕಚ್ಚಿಕೊಂಡದ್ದು ಕೈಗೆ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸಿ. ಥ್ರೆಡ್ ಆಗಲೇ ಹೋಗಿದ್ದರೆ ಟೆಫ್ಲಾನ್ ಟೇಪ್, ಸಿಲಿಕೋನ್ ಅಂಟು ಬಳಸಬೇಡಿ. ಅವುಗಳ ಚೂರು ಒಳಗೆ ಸೇರಿ ಆಯಿಲ್ ದಾರಿ ಕಟ್ಟುತ್ತವೆ. ಉಕ್ಕಿನ ಸುರುಳಿ ಹಾಕಿಸಿ ಹೊಸ ಥ್ರೆಡ್ ಮಾಡಿಸುವುದೇ ಸರಿಯಾದ ರಿಪೇರಿ.

ತುಂಬಿಸಿ, ಮಟ್ಟ ನೋಡುವುದು

ಹೇಳಿದ ಪ್ರಮಾಣಕ್ಕಿಂತ 100 ಮಿ.ಲೀ. ಕಡಿಮೆ ಸುರಿಯಿರಿ, ಏಕೆಂದರೆ ಹಳೆಯದು ಒಳಗೆ ಅಷ್ಟಿಷ್ಟು ಉಳಿದೇ ಇರುತ್ತದೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಬಿಡಿ. ಆಯಿಲ್ ಒತ್ತಡದ ದೀಪ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಆಗಿಂದಾಗ ಎಂಜಿನ್ ನಿಲ್ಲಿಸಿ ಫಿಲ್ಟರ್ ಮತ್ತೆ ಬಿಚ್ಚಿ ನೋಡಿ. ಎರಡು-ಮೂರು ನಿಮಿಷ ಓಡಿದ ಮೇಲೆ ಆಫ್ ಮಾಡಿ, ಇನ್ನೆರಡು-ಮೂರು ನಿಮಿಷ ಆಯಿಲ್ ಕೆಳಗಿಳಿಯಲು ಬಿಡಿ. ಬೈಕ್ ನೆಟ್ಟಗಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ಎಡಕ್ಕೆ ವಾಲಿ ಆಯಿಲೂ ಎಡಕ್ಕೆ ಸರಿಯುತ್ತದೆ; ಬಲಗಡೆಯ ಗಾಜಿನ ಕಿಂಡಿ ಖಾಲಿ ಕಾಣುತ್ತದೆ, ನೀವು ಇನ್ನಷ್ಟು ಸುರಿಯುತ್ತೀರಿ. ಅಳತೆ ಕಡ್ಡಿ ಇರುವ ಬೈಕಿನಲ್ಲಿ ಕಡ್ಡಿಯನ್ನು ತಿರುಪಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಥ್ರೆಡ್ಡಿನಷ್ಟೇ ಉದ್ದದ ವ್ಯತ್ಯಾಸ ಓದಿನಲ್ಲಿ ಬರುತ್ತದೆ.

ಮೇಲಿನ ಗೆರೆ ದಾಟಬೇಡಿ. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆಯುತ್ತದೆ, ನೊರೆ ಏಳುತ್ತದೆ, ನೊರೆ ತುಂಬಿದ ಆಯಿಲ್ ಒತ್ತಡ ಹಿಡಿಯುವುದಿಲ್ಲ. ಉಳಿದದ್ದು ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಮೂಲಕ ಏರ್ ಫಿಲ್ಟರ್ ಸೇರುತ್ತದೆ. ಜಾಸ್ತಿಯಾಗಿದ್ದರೆ ಡ್ರೇನ್ ಬೋಲ್ಟ್ ಬಿಚ್ಚುವ ರಗಳೆ ಬೇಡ, ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಮೇಲಿನಿಂದಲೇ ಎಳೆಯಿರಿ.

ಹಳೆಯ ಆಯಿಲ್ ಹೊಸದರ ಖಾಲಿ ಡಬ್ಬಿಗೆ ಸೇರಲಿ, ಅಲ್ಲಿಂದ ಬಳಸಿದ ಆಯಿಲ್ ಪಡೆಯುವ ವರ್ಕ್‌ಶಾಪಿಗೆ. ಮಣ್ಣಿಗೂ ಚರಂಡಿಗೂ ಬೇಡ. ಟೈರ್, ಬ್ರೇಕ್ ಡಿಸ್ಕ್ ಮೇಲೆ ಹನಿ ಬಿದ್ದಿದ್ದರೆ ಬೈಕ್ ತೆಗೆಯುವ ಮುನ್ನವೇ ಒರೆಸಿ: ಡಿಸ್ಕಿಗೆ ಬ್ರೇಕ್ ಕ್ಲೀನರ್, ಟೈರಿಗೆ ಸೋಪು ನೀರು. ಆವತ್ತಿನ ಕಿಲೋಮೀಟರ್ ಬರೆದಿಟ್ಟು, ಹತ್ತು ನಿಮಿಷ ಓಡಿಸಿ ಬನ್ನಿ. ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಕಂಡರೆ ಅದು ಬೋಲ್ಟಿನ ಕೆಳಗಿದೆಯೋ ಫಿಲ್ಟರಿನ ಕೆಳಗಿದೆಯೋ ನೋಡಿ, ಎಲ್ಲಿ ಕೈ ಹಾಕಬೇಕೆಂಬುದು ಅದರಿಂದಲೇ ತಿಳಿಯುತ್ತದೆ.