ಏಪ್ರಿಲ್‌ನ ದುಡಿಮೆಗೆ ಜೂನ್‌ನ ದರ

ರಾಜಾಜಿನಗರದಿಂದ ಯಶವಂತಪುರದವರೆಗಿನ ವೈದ್ಯರನ್ನೂ ಔಷಧ ಅಂಗಡಿಗಳನ್ನೂ ನೋಡಿಕೊಳ್ಳುತ್ತಿದ್ದ ಮೆಡಿಕಲ್ ರೆಪ್ ನಾನು. 2018ರ ಜೂನ್ 28ರಂದು ಕಂಪನಿಯಿಂದ ಒಂದು ಇಮೇಲ್ ಬಂತು: ಮಾರಾಟದ ಮೇಲಿನ ಇನ್ಸೆಂಟಿವ್ ಶೇ. 3ರಿಂದ 1.5ಕ್ಕೆ ಇಳಿದಿದೆ, ಹೊಸ ದರ ಏಪ್ರಿಲ್ 1ರಿಂದಲೇ ಅನ್ವಯ. ಆ ತ್ರೈಮಾಸಿಕದಲ್ಲಿ ನನ್ನ ವ್ಯಾಪಾರ 24 ಲಕ್ಷ ದಾಟಿತ್ತು. ಲೆಕ್ಕ ಹಾಕಿದರೆ ಕೈಗೆ ಬರಬೇಕಿದ್ದ 72,000 ರೂಪಾಯಿ 36,000ಕ್ಕೆ ಇಳಿಯುತ್ತಿತ್ತು.

‘ಎಲ್ಲರೂ ಸೈನ್ ಮಾಡಿದ್ದಾರೆ, ನೀವೂ ಮಾಡಿ ಕಳಿಸಿಬಿಡಿ’ ಎಂದರು ಏರಿಯಾ ಮ್ಯಾನೇಜರ್. ಸುಮ್ಮನಿದ್ದರೆ ಅದನ್ನೇ ಒಪ್ಪಿಗೆಯೆಂದು ಬರೆದುಕೊಳ್ಳುತ್ತಾರೆಂಬ ಅಳುಕಿನಿಂದ, ಹಿಂದಿನಿಂದ ಜಾರಿ ಮಾಡಿದ ದರಕ್ಕೆ ನನ್ನ ಸಮ್ಮತಿಯಿಲ್ಲವೆಂದು ಅಂದೇ ಎರಡು ಸಾಲಿನ ಉತ್ತರ ಕಳಿಸಿದೆ. ಮುಂದೆ ಕೆಲಸಕ್ಕೆ ಬಂದದ್ದು ಆ ಎರಡು ಸಾಲುಗಳೇ.

ಇನ್ಸೆಂಟಿವ್ ಎಂದರೆ ಕಂಪನಿ ಮನಸ್ಸು ಬಂದಾಗ ಕೊಡುವ ಬಕ್ಷೀಸು ಎಂದೇ ನಾನೂ ನಂಬಿದ್ದೆ. ಯೂನಿಯನ್‌ನ ಹಿರಿಯರೊಬ್ಬರು ಪುಸ್ತಕ ತೆರೆದು ತೋರಿಸಿದಾಗ ಆ ನಂಬಿಕೆ ಸಡಿಲವಾಯಿತು. 1976ರ ಮಾರಾಟ ಪ್ರವರ್ತನಾ ನೌಕರರ ಕಾಯ್ದೆಯು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯನ್ನು ನಮ್ಮಂಥವರಿಗೂ ಅನ್ವಯಿಸುತ್ತಿತ್ತು, ಆ ಕಾಯ್ದೆಯಲ್ಲಿನ ‘ವೇತನ’ದ ವ್ಯಾಖ್ಯೆಯೊಳಗೆ ಮಾರಾಟ ಹೆಚ್ಚಿಸಿದ್ದಕ್ಕೆ ಸಲ್ಲಬೇಕಾದ, ನಮ್ಮ ಇನ್ಸೆಂಟಿವ್‌ನಂಥ ಕಮಿಷನ್ ಕೂಡ ಸೇರಿತ್ತು, ವೇತನದಲ್ಲಿ ಬದಲಾವಣೆ ತರಬೇಕಾದರೆ 9ಎ ಕಲಮಿನಂತೆ ಮೊದಲು ನೋಟಿಸ್ ಕೊಟ್ಟು 21 ದಿನ ಕಾಯಲೇಬೇಕಿತ್ತು. ನಮಗೆ ಒಂದು ದಿನದ ನೋಟಿಸೂ ಬಂದಿರಲಿಲ್ಲ.

ಡೈರಿ ಸರ್ಕಲ್ ಬಳಿ ಕಾರ್ಮಿಕ ಇಲಾಖೆಯ ಕಚೇರಿಯಿರುವ ಕಾರ್ಮಿಕ ಭವನಕ್ಕೆ ದೂರು ಒಯ್ಯುವ ಮೊದಲು ಎರಡು ಭಾನುವಾರ ಕಾಗದ ಜೋಡಿಸಿದೆ. ನೇಮಕಾತಿ ಪತ್ರ, ಹಳೆಯ ಇನ್ಸೆಂಟಿವ್ ಸುತ್ತೋಲೆ, ಹಿಂದಿನ ನಾಲ್ಕು ತ್ರೈಮಾಸಿಕಗಳ ಪೇಸ್ಲಿಪ್, ಸ್ಟಾಕಿಸ್ಟರು (ಸಗಟು ವಿತರಕರು) ಕೊಟ್ಟ ಮಾರಾಟದ ಸ್ಟೇಟ್‌ಮೆಂಟ್. ಇವುಗಳ ಜೊತೆಗೆ ನನ್ನ ಜೇಬಿನ ಡೈರಿ; ಮಳೆಯಲ್ಲಿ ನೆನೆದು ಅದರ ಮೇ ತಿಂಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬ್ಲೇಡಿನಿಂದ ಬಿಡಿಸಬೇಕಾಯಿತು. ಪತ್ರದಲ್ಲಿ ರೋಷದ ಮಾತು ಒಂದನ್ನೂ ಬರೆಯದೆ ದಿನಾಂಕ, ದರ, ಬಾಕಿ ಮೊತ್ತಗಳನ್ನಷ್ಟೇ ಬರೆದೆ.

ಕಾರ್ಮಿಕ ಅಧಿಕಾರಿಯ ಮುಂದೆ ನಡೆದ ರಾಜಿ ಸಂಧಾನದ ಮೊದಲ ದಿನ ಕಂಪನಿಯವರು ಬರಲೇ ಇಲ್ಲ. ಎರಡನೆಯ ಸಲ ಬಂದವರು, ದರ ನಿಗದಿ ಆಡಳಿತದ ವಿವೇಚನೆಗೆ ಬಿಟ್ಟದ್ದೆಂದು ವಾದಿಸಿದರು. ನೋಟಿಸ್ ಯಾವಾಗ ಕೊಟ್ಟಿರಿ ಎಂದು ಅಧಿಕಾರಿ ಕೇಳಿದ ಒಂದೇ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಮೂರನೆಯ ಭೇಟಿಯಲ್ಲಿ, ಮುಗಿದ ತ್ರೈಮಾಸಿಕಕ್ಕೆ ಹಳೆಯ ದರದಲ್ಲೇ ಕೊಡಲು ಒಪ್ಪಿದರು. ನೋಟಿಸ್ ಕೊಟ್ಟ ಮೇಲೆ ಹೊಸ ದರ ಹೇಗೂ ಜಾರಿಯಾಯಿತು, ಅದನ್ನು ತಡೆಯಲು ನನ್ನಿಂದಾಗಲಿಲ್ಲ.

ಇಂದು ಇದೇ ದಾರಿ ಹಿಡಿಯುವವರು ಒಂದು ಬದಲಾವಣೆಯನ್ನು ಗಮನಿಸಬೇಕು. ಆ ಹಳೆಯ ಕಾಯ್ದೆಗಳ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 21 ದಿನಗಳ ನೋಟಿಸಿನ ನಿಯಮ ಉಳಿದಿದೆ, ಆದರೆ ವೇತನದ ವ್ಯಾಖ್ಯೆಯಿಂದ ಕಮಿಷನ್ ಹೊರಬಿದ್ದಿದೆ. ಹೊರಗಿಟ್ಟ ಇಂಥ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮಾತ್ರ ಮೀರಿದಷ್ಟು ಭಾಗ ವೇತನವೆನಿಸುತ್ತದೆ. ಹೀಗಾಗಿ ಕಮಿಷನ್ ದರವನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳುವುದು ನನ್ನ ಕಾಲಕ್ಕಿಂತ ಈಗ ಹೆಚ್ಚು ಅಗತ್ಯವೆಂದು ನನಗೆ ತೋರುತ್ತದೆ.