ಮುಂಬೈಗೆ ಬರುವ ಗುಂಪಿಗೆ ಹೋಟೆಲ್: ನಾನು ಸಮುದ್ರ ಬಿಟ್ಟು ಸ್ಟೇಷನ್ ಹಿಡಿದೆ

ಈ ಚಳಿಗಾಲದಲ್ಲಿ ಗದಗದ ಕಡೆಯಿಂದ ಬಂದ ನಮ್ಮ 26 ಜನರನ್ನು ದಾದರ್ ಪೂರ್ವ ಮತ್ತು ಮಾಟುಂಗಾ ನಡುವಿನ ಒಂದು ಲಾಡ್ಜ್‌ನಲ್ಲಿ ಇಳಿಸಿದೆ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ಕಾಣುವುದು ಎದುರು ಕಟ್ಟಡದ ಬಾಲ್ಕನಿ, ಅದರಲ್ಲಿ ಒಣಗಿದ ಬಟ್ಟೆ. ಆದರೂ ಮೂರು ದಿನ ಯಾರೂ ತಪ್ಪಿಸಿಕೊಳ್ಳಲಿಲ್ಲ, ಯಾರಿಗೂ ಕಾಲು ಊದಲಿಲ್ಲ, ತಲೆಗೆ ಬಿದ್ದ ವಸತಿ ಖರ್ಚು 3,200 ರೂಪಾಯಿ ಆಸುಪಾಸು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇಷ್ಟು ವರ್ಷ ಇದ್ದು, ಊರಿನವರಿಗೆಲ್ಲ ರೂಮು ಹುಡುಕಿಕೊಟ್ಟವನು ನಾನು. ಇಷ್ಟು ಸಲೀಸಾಗಿ ಆಗಿದ್ದು ಇದೇ ಮೊದಲು.

ಮೊದಲಿಗೆ ಎಲ್ಲರೂ ಬೇಡ ಅಂದರು. ಭಾವ ಅಂತೂ ಫೋನಿನಲ್ಲೇ ಶುರು ಮಾಡಿದ್ದರು: "ಸಮುದ್ರ ಕಾಣ್ಲಿಲ್ಲಂದ್ರ ಮುಂಬೈಗೆ ಯಾಕ ಬರಬೇಕಪ್ಪ? ರೂಮಿನ್ಯಾಗ ಕುಂತು ತೆರಿ ನೋಡಬೇಕು." ನಾನು ಹೇಳಿದ್ದು ಇಷ್ಟೇ: "ಭಾವ, ನೀವು ರೂಮಿನಲ್ಲಿ ಇರೋದೇ ಏಳು ತಾಸು, ಅದೂ ನಿದ್ದೆಯಲ್ಲಿ." ಒಪ್ಪಲಿಲ್ಲ. ಕೊನೆಗೆ ಗುಂಪಿನ ಹೆಂಗಸರು ನನ್ನ ಕಡೆ ಬಂದರು. ಸಾಮಾನು ಹೊರುವವರು ಅವರೇ ಅಲ್ವಾ.

ಸಮುದ್ರದ ದಂಡೆಯ ಜುಹೂದಲ್ಲಿ ಉಳಿಯಬೇಕೆಂಬ ಭಾವನವರ ಆಸೆಯ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಅದಕ್ಕೂ ಹಿಂದೆ ಒಂದು ಗುಂಪು, ಸುಮಾರು 18 ಜನ, ಹಟ ಹಿಡಿದು ಜುಹೂದಲ್ಲೇ ಉಳಿದಿತ್ತು. ಇಬ್ಬಿಬ್ಬರಿಗೆ ಒಂದು ರೂಮು, ರೂಮಿಗೆ 6,000 ಚಿಲ್ಲರೆ, ಮೇಲೆ ಆಗಿನ 12 ಪರ್ಸೆಂಟ್ ಜಿಎಸ್‌ಟಿ. ಎರಡು ರಾತ್ರಿಗೆ ಒಂದು ಲಕ್ಷ ದಾಟಿತು. ಅದು ಹೋಗಲಿ, ಓಡಾಟದ ಖರ್ಚು ಕೇಳಿ. ಜುಹೂಗೆ ಲೋಕಲ್ ಸ್ಟೇಷನ್ ಇಲ್ಲ. ವಿಲೇ ಪಾರ್ಲೆಗೋ ಸಾಂತಾಕ್ರೂಜ್‌ಗೋ ಅಂಧೇರಿಗೋ ಆಟೋದಲ್ಲಿ ಹೋಗಬೇಕು. ಆಟೋಗೆ ಮೂರೇ ಜನ. ಆರು ಆಟೋ ಸಿಗುವಷ್ಟರಲ್ಲಿ ಮೊದಲು ಹೋದವರು ಸ್ಟೇಷನ್ ಮುಂದೆ ಅರ್ಧ ತಾಸು ನಿಂತಿದ್ದರು. ಮೊಬೈಲ್ ಹಿಡಿದು "ಯಾವ ಗೇಟು, ಯಾವ ಗೇಟು" ಅಂತ ಕೂಗಾಟ. ಎರಡನೇ ದಿನ ಬೇಸತ್ತು ಗೇಟ್‌ವೇ ಆಫ್ ಇಂಡಿಯಾವರೆಗೂ ಕಾರು ಮಾಡಿದರು. ಹೋಗುವಾಗ ಒಂದೂವರೆ ತಾಸು, ಬರುವಾಗ ಎರಡರ ಮೇಲೆ. ಓಡಾಟಕ್ಕೇ 22-23 ಸಾವಿರ ಹೋಯಿತು. ರೂಮಿನಿಂದ ಸಮುದ್ರ ನೋಡಿದ್ದು ಒಂದು ಬೆಳಗ್ಗೆ, ಹಲ್ಲುಜ್ಜುವಾಗ.

ದಕ್ಷಿಣ ಮುಂಬೈನ ಕೊಲಾಬಾ, ಫೋರ್ಟ್ ಕಡೆಯಲ್ಲೂ ಒಂದು ಗುಂಪನ್ನು ಇಳಿಸಿ ನೋಡಿ ಆಯಿತು. ಗೇಟ್‌ವೇ ಪಕ್ಕ, ಎಲಿಫೆಂಟಾ ಗುಹೆಗಳ ದ್ವೀಪಕ್ಕೆ ದೋಣಿ ಅಲ್ಲೇ, ಮರೀನ್ ಡ್ರೈವ್ ಹತ್ತಿರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ನಮ್ಮ ಬಜೆಟ್ಟಿಗೆ ಸಿಕ್ಕಿದ್ದು ಹಳೇ ಕಟ್ಟಡದ ಮೂರನೇ ಮಹಡಿ, ಲಿಫ್ಟ್ ಇಲ್ಲ, ಮರದ ಮೆಟ್ಟಿಲು ಕಡಿದಾಗಿ ಇತ್ತು. ರೂಮು ಎಷ್ಟು ಸಣ್ಣದು ಅಂದರೆ ಎರಡು ಸೂಟ್‌ಕೇಸ್ ಒಟ್ಟಿಗೆ ತೆರೆಯಲು ಆಗಲಿಲ್ಲ. ಗುಂಪು ಮೂರು ಕಡೆ ಹಂಚಿಹೋಯಿತು. ಫೋರ್ಟ್‌ನಲ್ಲಿ ಇನ್ನೊಂದು ತೊಂದರೆ ಇದೆ. ಅದು ಆಫೀಸುಗಳ ಏರಿಯಾ. ಸಂಜೆ ಎಂಟರ ಮೇಲೆ ಬಹಳಷ್ಟು ಬೀದಿ ಖಾಲಿ, ಭಾನುವಾರ ಇನ್ನೂ ಖಾಲಿ. ರಾತ್ರಿ ಒಂಬತ್ತೂವರೆಗೆ ಹಿರಿಯರಿಗೆ ಅನ್ನ-ಸಾರು ಬೇಕು ಅಂದರೆ ಎಲ್ಲಿ ತರೋದು?

ನವಿ ಮುಂಬೈನ ವಾಶಿ ಅಗ್ಗ, ರೂಮು ದೊಡ್ಡವು, ಬಸ್ ನಿಲ್ಲಿಸಲೂ ಜಾಗ ಇದೆ. ಅಲ್ಲಿಂದ ಲೋಕಲ್ ರೈಲಿನ ಹಾರ್ಬರ್ ಲೈನ್‌ನಲ್ಲಿ ಸಿಎಸ್‌ಎಂಟಿಗೆ (ದಕ್ಷಿಣ ಮುಂಬೈನ ದೊಡ್ಡ ರೈಲು ನಿಲ್ದಾಣ) ಮುಕ್ಕಾಲು ತಾಸಿನ ಮೇಲೆ. ದಿನಕ್ಕೆ ಎರಡು ಸಲ ಅಂದರೆ ಹಿರಿಯರು ಸುಸ್ತು. ಅಲ್ಲಿ ಉಳಿದ ಒಂದು ಗುಂಪಿಗೆ ಭಾನುವಾರ ಮೆಗಾ ಬ್ಲಾಕ್ (ಹಳಿ ಕೆಲಸಕ್ಕಾಗಿ ಕೆಲವು ತಾಸು ಲೋಕಲ್ ನಿಲ್ಲಿಸುವುದು) ಬೇರೆ ಬಿತ್ತು. ವಾಶಿಯ ಮಾತು ಅಲ್ಲಿಗೇ ಬಿಟ್ಟೆ.

ಈ ಎಲ್ಲ ಗುಂಪುಗಳಲ್ಲಿ ನಾನು ಗಮನಿಸಿದ್ದು ಒಂದೇ. ಜನ ದಣಿದದ್ದು ನೋಡುವ ಜಾಗದಲ್ಲಿ ಅಲ್ಲ. ಹೋಟೆಲ್ ಬಾಗಿಲಿನಿಂದ ರೈಲು ಹತ್ತುವವರೆಗಿನ ಆ ಸ್ವಲ್ಪ ದೂರದಲ್ಲಿ. ಹಾಗಾಗಿ ಹೋಟೆಲ್ ನೋಡುವ ರೀತಿಯನ್ನೇ ಬದಲಿಸಿದೆ.

ನಮ್ಮ ಅವ್ವನಿಗೆ 72. ನಿಧಾನಕ್ಕೆ ನಡೆಯುತ್ತಾಳೆ, ಮೆಟ್ಟಿಲು ಕಂಡರೆ ನಿಲ್ಲುತ್ತಾಳೆ. ಒಂದು ಶನಿವಾರ ಅವಳನ್ನೂ ಎಂಟು ಕೆಜಿ ತೂಕದ ಒಂದು ಚಕ್ರದ ಬ್ಯಾಗನ್ನೂ ಕರೆದುಕೊಂಡು ಮಾಟುಂಗಾಗೆ ಹೋದೆ. ಮೊದಲೇ ಆರಿಸಿದ್ದ ಲಾಡ್ಜ್‌ಗಳ ಬಾಗಿಲಿನಿಂದ ಪ್ಲಾಟ್‌ಫಾರ್ಮ್‌ವರೆಗೆ ಅವಳ ನಡಿಗೆಯಲ್ಲೇ ಹೋಗೋದು, ಬ್ಯಾಗು ನಾನು ಎಳೆಯೋದು, ಟೈಮ್ ಬರೆದುಕೊಳ್ಳೋದು. ಮೊಬೈಲ್ ನಕ್ಷೆ ಏಳು ನಿಮಿಷ ಅಂದ ಕಡೆ ಅವ್ವನಿಗೆ ಹದಿನಾಲ್ಕು ಹಿಡಿಯಿತು. ಹೆಚ್ಚುಕಡಿಮೆ ಎಲ್ಲ ಕಡೆ ಎರಡರಷ್ಟೇ. ನಕ್ಷೆಯಲ್ಲಿ ಹತ್ತಿರ ಇದ್ದ ಒಂದು ಲಾಡ್ಜ್ ಇದರಲ್ಲಿ ಬಿದ್ದುಹೋಯಿತು, ಯಾಕೆಂದರೆ ಫುಟ್‌ಪಾತ್ ಅಗೆದಿದ್ದರು, ಚಕ್ರ ಓಡಲಿಲ್ಲ. ಇನ್ನೊಂದರಲ್ಲಿ ದೊಡ್ಡ ರಸ್ತೆ ದಾಟಬೇಕು, ಸಿಗ್ನಲ್ ಮುಗಿಯುವುದರೊಳಗೆ ಅವ್ವ ನಡುವೆಯೇ ಇದ್ದಳು. ಉಳಿದದ್ದು ಮೂರು.

ದಾದರ್ ಪೂರ್ವವೇ ಯಾಕೆ, ಪಶ್ಚಿಮ ಯಾಕಲ್ಲ ಅಂತ ಕೇಳುತ್ತಾರೆ. ಊರಿನ ರೈಲು ಬರುವುದು ಬೆಳಗಿನ ಜಾವ. ಆ ಹೊತ್ತಿಗೆ ಪಶ್ಚಿಮದಲ್ಲಿ ಹೂವಿನ ಮಾರುಕಟ್ಟೆ ತುಂಬಿ ತುಳುಕುತ್ತಿರುತ್ತದೆ. ಚೆಂಡುಹೂವಿನ ಮೂಟೆಗಳ ನಡುವೆ 26 ಜನ, 40 ಬ್ಯಾಗು ಹೋಗಲಿಕ್ಕೆ ಆಗೋದಿಲ್ಲ. ಪೂರ್ವದಲ್ಲಿ ಹಿಂದೂ ಕಾಲೋನಿ ಕಡೆ ಆ ಹೊತ್ತಿಗೆ ಶಾಂತ, ಟ್ಯಾಕ್ಸಿ ನಿಂತಿರುತ್ತವೆ. ಒಂದು ಮಾತು ಹೊರಗಿನವರಿಗೆ ಗೊತ್ತಿರಲ್ಲ, ಗುಂಪಿನ ಮುಖಂಡರಿಗೆ ಮೊದಲೇ ಹೇಳಿಬಿಡಿ: ಸಾಯನ್ ಮತ್ತು ಮಾಹಿಮ್ ದಾಟಿ ದಕ್ಷಿಣಕ್ಕೆ ಆಟೋ ಬರುವುದಿಲ್ಲ. ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿಯೇ. 2025ರ ಫೆಬ್ರುವರಿಯಿಂದ ಅದರ ಕನಿಷ್ಠ ದರ 31 ರೂಪಾಯಿ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಎಂಟು ರೂಪಾಯಿ ಕೂಡ ಬೀಳಲ್ಲ. ಹತ್ತಿರದ ಓಡಾಟಕ್ಕೆ ಜುಹೂದ ಆಟೋಗಿಂತ ಇದೇ ಅಗ್ಗ.

ಊಟದ ಚಿಂತೆ ಮಾಟುಂಗಾದಲ್ಲಿ ಇಲ್ಲವೇ ಇಲ್ಲ. ಸ್ಟೇಷನ್ ಎದುರಿಗೇ ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ, ಬಾಳೆಲೆ ಊಟ. ಕೆಫೆ ಮದ್ರಾಸ್‌ನಲ್ಲಿ ಬೆಳಗ್ಗೆ ಕ್ಯೂ ಇರುತ್ತದೆ, ಹಿರಿಯರನ್ನು ನಿಲ್ಲಿಸಬೇಡಿ, ಒಬ್ಬರು ಹೋಗಿ ಹೆಸರು ಬರೆಸಿ ಬರಲಿ. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಅಲ್ಲಿ ಕಾರ್ಯಕ್ರಮ ಇದ್ದರೆ ಗುಂಪಿಗೆ ಒಂದು ಸಂಜೆ ಆಯಿತು. ನಮ್ಮವರಿಗೆ ಹೂವಿನ ಅಂಗಡಿಯಲ್ಲೂ ಕನ್ನಡ ಕೇಳಿಸಿತು. ಅತ್ತೆ ಅಲ್ಲೇ ಅರ್ಧ ತಾಸು ಕೂತುಬಿಟ್ಟರು.

ಈಗ ಮೆಟ್ರೋ. ಅಕ್ವಾ ಲೈನ್ 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿ ತೆರೆದ ಮೇಲೆ ಈ ಲೆಕ್ಕ ಇನ್ನೂ ಗಟ್ಟಿಯಾಯಿತು. ದಾದರ್ ಮೆಟ್ರೋ ಇರುವುದು ಪಶ್ಚಿಮದಲ್ಲಿ, ಪೂರ್ವದಿಂದ ಅಲ್ಲಿಗೆ ಟ್ಯಾಕ್ಸಿ. ಒಳಗೆ ಹೋದರೆ ಲಿಫ್ಟ್, ಎಸ್ಕಲೇಟರ್, ಎಸಿ. ಮುಂದಿನ ಸ್ಟೇಷನ್ನೇ ಸಿದ್ಧಿವಿನಾಯಕ. ದರ್ಶನ ಮುಗಿಸಿ ಅದೇ ಲೈನ್‌ನಲ್ಲಿ ಚರ್ಚ್‌ಗೇಟ್‌ಗೆ ಹೋದರೆ ಮರೀನ್ ಡ್ರೈವ್ ನಡೆಯುವ ದೂರ. ಟಿಕೆಟ್ 10ರಿಂದ 70 ರೂಪಾಯಿ. ಭಾವ ಅಲ್ಲಿ ಕಟ್ಟೆ ಮೇಲೆ ಕೂತು ರಾತ್ರಿ ಹತ್ತರವರೆಗೆ ತೆರೆ ನೋಡಿದರು. ವಾಪಸ್ ಬಂದಿದ್ದೂ ಮೆಟ್ರೋದಲ್ಲೇ.

ದಿನಗಳನ್ನೂ ಹೀಗೇ ಹೊಂದಿಸಿದೆ. ಬುಧವಾರ ಬೆಳಗ್ಗೆ ಬರೋದು, ಶನಿವಾರ ರಾತ್ರಿ ಹೊರಡೋದು. ಎಲಿಫೆಂಟಾ ಸೋಮವಾರ ಮುಚ್ಚಿರುತ್ತದೆ. ಸಿದ್ಧಿವಿನಾಯಕದಲ್ಲಿ ಮಂಗಳವಾರ ಕಾಲಿಡಲು ಜಾಗ ಇರಲ್ಲ. ಭಾನುವಾರ ಮೆಗಾ ಬ್ಲಾಕ್, ಸೆಂಟ್ರಲ್ ಲೈನ್‌ನಲ್ಲಿ ಅದು ಬಹಳ ಸಲ ಮಾಟುಂಗಾದಿಂದಲೇ ಮುಲುಂಡ್ ಕಡೆಗೆ ಇರುತ್ತದೆ. ಮೂರೂ ತಪ್ಪಿತು. ಡಿಸೆಂಬರ್ 6ರ ಆಸುಪಾಸು ಮಾತ್ರ ದಾದರ್‌ನಲ್ಲಿ ರೂಮು ಕೇಳಲೇಬೇಡಿ. ಬಾಬಾಸಾಹೇಬರ ಮಹಾಪರಿನಿರ್ವಾಣ ದಿನಕ್ಕೆ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ದಿನಗಳು ಅವರಿಗೆ ಸೇರಿದವು.

ರೂಮಿನ ಪರೀಕ್ಷೆ ಹೇಳುತ್ತೇನೆ. ಉಳಿದ ಮೂರು ಲಾಡ್ಜ್‌ಗೂ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದೆ. ಒಂದರಲ್ಲಿ ಮಾತ್ರ ಎತ್ತಿದರು. ಬೆಳಗಿನ ಜಾವ ಗುಂಪು ಬಂದಾಗ ಶಟರ್ ತೆರೆಯುವವರು ಯಾರು ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ಹೋಗಿ ಒಂದೇ ಮಹಡಿಯ ಮೂರು ರೂಮಿನಲ್ಲಿ ಒಟ್ಟಿಗೆ ಬಿಸಿನೀರು ಬಿಟ್ಟು ನೋಡಿದೆ. ಮ್ಯಾನೇಜರ್ ಸ್ವಲ್ಪ ಮುಖ ಸಿಂಡರಿಸಿದರು, ಆದರೆ ನೀರು ಹತ್ತು ನಿಮಿಷ ಬಿಸಿ ಬಂತು. ಬಹಳಷ್ಟು ಲಾಡ್ಜ್‌ಗಳಲ್ಲಿ ಬಿಸಿನೀರು ಬೆಳಗ್ಗೆ ಕೆಲವೇ ತಾಸು, ಅದನ್ನು ಕೇಳಿ ಬರೆಸಿಕೊಳ್ಳಿ. ಅಂಬೇಡ್ಕರ್ ರಸ್ತೆ ಕಡೆಯ ರೂಮಿಗೆ ಹಾರ್ನ್ ಸದ್ದು ಜಾಸ್ತಿ. ಹಿಂದಿನ ರೂಮು ಹಿರಿಯರಿಗೆ, ಮುಂದಿನದು ಹುಡುಗರಿಗೆ.

ಇದೇ ಹೊತ್ತಿನಲ್ಲಿ ಇನ್ನೊಂದನ್ನೂ ಪ್ರಯತ್ನಿಸಿದೆ. ಹೋಟೆಲ್ ಬಿಟ್ಟು ದಿನದ ಬಾಡಿಗೆಗೆ ಎರಡು ದೊಡ್ಡ ಫ್ಲ್ಯಾಟ್ ತಗೊಂಡರೆ ಹೇಗೆ ಅಂತ. ಅಡುಗೆ ಮನೆ ಸಿಗುತ್ತದೆ, ಊರಿಂದ ರೊಟ್ಟಿ ಹೇಗೂ ಬರುತ್ತದೆ. ಒಂದು ಕಡೆ ಮಾತು ಮುಗಿದು ಟೋಕನ್ ಕೊಡಬೇಕು, ಆಗ ಆ ಸೊಸೈಟಿಯವರು 26 ಜನ ಅಂದ ಕೂಡಲೇ ಬೇಡ ಅಂದರು. ಸ್ನಾನದ ಮನೆ ಲೆಕ್ಕ ಹಾಕಿದರೆ ಎರಡೂ ಫ್ಲ್ಯಾಟ್ ಸೇರಿ ಐದು. ಆಗಿದ್ದು ಒಳ್ಳೆಯದೇ ಆಯಿತು. ಆರೇಳು ಜನರ ಗುಂಪಿಗೆ ಮಾತ್ರ ಫ್ಲ್ಯಾಟ್ ಚೆನ್ನಾಗಿ ಕೂರುತ್ತದೆ ಅಂತ ನನ್ನ ಲೆಕ್ಕ, ಬೇಸಿಗೆಯಲ್ಲಿ ತಂಗಿ ಮನೆಯವರು ಬಂದಾಗ ನೋಡಬೇಕು.

ದುಡ್ಡು. ಮೂರು ಹಾಸಿಗೆಯ ಒಂಬತ್ತು ರೂಮು, ರೂಮಿಗೆ 3,400 ಕೇಳಿದ್ದರು, 2,900ಕ್ಕೆ ಇಳಿಸಿದೆ. ಹೇಗೆ ಇಳಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಲಾಡ್ಜ್ ಹೆಸರೂ ಹೇಳಲ್ಲ, ಮುಂದಿನ ಸಲ ನನಗೇ ರೂಮು ಸಿಗದೆ ಹೋದೀತು. ತೆರಿಗೆ ಮಾತ್ರ ಎಲ್ಲರೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್. ಹಳೇ ಅಭ್ಯಾಸದಲ್ಲಿ 12 ಹಾಕಿ ಕೊಟೇಶನ್ ಕಳಿಸಿದ ಒಂದು ಕಡೆ ನಾನೇ ತಿದ್ದಿಸಿದೆ. ಎಲ್ಲ ಸೇರಿ ಮೂರು ದಿನಕ್ಕೆ 82 ಸಾವಿರ ಚಿಲ್ಲರೆ. ಅಡ್ವಾನ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಕೊಡಲಿಲ್ಲ.

ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ ಹಾಕುವ ಲಾಡ್ಜ್ ಹಿಡಿಯಲೇಬೇಕು. ಬೆಳಗಿನ ಜಾವ ಇಳಿಯುವ ಗುಂಪಿಗೆ ಮಧ್ಯಾಹ್ನ 12ರ ಲೆಕ್ಕ ಅಂದರೆ ಒಂದು ದಿನದ ಬಾಡಿಗೆ ಸುಮ್ನೆ ಹೋದಂತೆ, ಇಲ್ಲಾ ಲಾಬಿಯಲ್ಲಿ ಆರು ತಾಸು ಕೂರಬೇಕು. ನಮ್ಮದು ಶನಿವಾರ ಬೆಳಗ್ಗೆಗೆ ಮುಗಿಯಿತು. ಆಮೇಲೆ ಎರಡೇ ರೂಮು ಅರ್ಧ ಬಾಡಿಗೆಗೆ ಸಂಜೆವರೆಗೆ ಇಟ್ಟುಕೊಂಡೆ. ಒಂದರಲ್ಲಿ ಸಾಮಾನು, ಒಂದರಲ್ಲಿ ಹಿರಿಯರು ಮಲಗಿದರು. ಉಳಿದವರು ದಾದರ್‌ನಲ್ಲಿ ಸೀರೆ ನೋಡಲು ಹೋದರು.

ಹೊಸಪೇಟೆಯಿಂದ ಗದಗ, ಬಾಗಲಕೋಟೆ, ವಿಜಯಪುರದ ಮೇಲೆ ಬರುವ ಮುಂಬೈ ರೈಲು ದಾದರ್‌ನಲ್ಲಿ ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಬರುವಾಗ ಕಲ್ಯಾಣ್ ದಾಟಿದ ಕೂಡಲೇ ಎಲ್ಲರನ್ನೂ ಎಬ್ಬಿಸಿ ಸಾಮಾನು ಎರಡೂ ಬಾಗಿಲಿಗೆ ಹಂಚಿಸಿದೆ, ಒಂದೇ ಬಾಗಿಲಿಗೆ ಅಲ್ಲ. ಹೋಗುವಾಗ ದಾದರ್‌ನಲ್ಲಿ ಹತ್ತಿಸಲಿಲ್ಲ, ಗಾಡಿ ಹೊರಡುವ ಸಿಎಸ್‌ಎಂಟಿಗೇ ಲೋಕಲ್‌ನಲ್ಲಿ ಕರೆದುಕೊಂಡು ಹೋದೆ. ಭಾವ ಇಲ್ಲೂ ತಕರಾರು ತೆಗೆದರು: "ಇಲ್ಲೇ ಗಾಡಿ ನಿಲ್ತದ, ಅಲ್ಲೀತನ ಯಾಕ?" ಸಂಜೆ ಹೊತ್ತು ಜನರೆಲ್ಲ ಕಲ್ಯಾಣ್ ಕಡೆ ಹೋಗುತ್ತಾರೆ, ಸಿಎಸ್‌ಎಂಟಿ ಕಡೆಯ, ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಲೋಕಲ್ ಖಾಲಿ ಇರುತ್ತದೆ. ಮಾಟುಂಗಾ ಸ್ಟೇಷನ್‌ನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದೇ ಇಲ್ಲ, ಅದಕ್ಕೇ ದಾದರ್‌ನಷ್ಟು ನೂಕುನುಗ್ಗಲು ಇಲ್ಲ. 2017ರಿಂದ ಪೂರ್ತಿ ಹೆಂಗಸರೇ ನಡೆಸುವ ಸ್ಟೇಷನ್ ಅದು. ಟಿಕೆಟ್ ಕೊಟ್ಟವರಿಂದ ಹಿಡಿದು ಎಲ್ಲರೂ ಹೆಂಗಸರೇ ಅಂತ ನಮ್ಮ ಗುಂಪಿನವರಿಗೆ ಬಹಳ ಖುಷಿಯಾಯಿತು. ಏಳರ ಸುಮಾರಿಗೆ ಹತ್ತಿದೆವು, ಎಲ್ಲರಿಗೂ ಸೀಟು, ಬ್ಯಾಗು ಕಾಲ ಹತ್ತಿರ. ಸಿಎಸ್‌ಎಂಟಿಯಲ್ಲಿ ಇಳಿದು, ಬುತ್ತಿ ಬಿಚ್ಚಿ ಊಟ ಮುಗಿಸಿ, ಗಾಡಿ ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಒಬ್ಬೊಬ್ಬರನ್ನೇ ಅವರ ಬರ್ತ್‌ವರೆಗೆ ಕೂರಿಸಿ ಬಂದೆ.